ಮರಿಗಿಂತ ಮೊದಲು ತಾಯಿಯನ್ನು ನೋಡಿ

"ಮರಿಗೆ ನಲವತ್ತೈದು ದಿನ ಆಯ್ತು, ಬಂದು ಒಯ್ಯಿರಿ" ಎಂದು ಮಾರುವವರು ಫೋನಿನಲ್ಲಿ ಹೇಳಿದರೆ ಹೊಸಬರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ನಮ್ಮಲ್ಲಿ ನಾಯಿಮರಿಗಳು ಮನೆ ಬದಲಿಸುವುದು ಸಾಮಾನ್ಯವಾಗಿ ಆ ವಯಸ್ಸಿಗೇ. ಆದರೆ ನಾಯಿ ತಳಿ ಬೆಳೆಸುವವರಿಗೂ ಮಾರುವವರಿಗೂ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮದ ಪ್ರಕಾರ ಎಂಟು ವಾರ, ಅಂದರೆ 56 ದಿನ ತುಂಬದ ಮರಿಯನ್ನು ಮಾರುವಂತಿಲ್ಲ. ಹನ್ನೊಂದು ದಿನದಲ್ಲಿ ಏನು ಮಹಾ ವ್ಯತ್ಯಾಸ ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಇದೆ, ದೊಡ್ಡದೇ ಇದೆ. ಐದನೇ ವಾರದಿಂದ ಎಂಟನೇ ವಾರದೊಳಗೆ ಮರಿ ತನ್ನ ಒಡಹುಟ್ಟಿದವರ ಜೊತೆ ಕಚ್ಚಾಡಿ, ಗಟ್ಟಿಯಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬುದನ್ನು ಕಲಿಯುತ್ತದೆ. ತಾಯಿ ಗದರಿದರೆ ಹಿಂದೆ ಸರಿಯುವುದನ್ನು ಕಲಿಯುತ್ತದೆ. ಈ ಪಾಠ ತಪ್ಪಿದ ಮರಿ ಮುಂದೆ ಮನೆಯ ಮಕ್ಕಳ ಕೈಗೆ ಹಲ್ಲು ಹಾಕಿದಾಗ ನಾವು "ಬಹಳ ತುಂಟ" ಎನ್ನುತ್ತೇವೆ. ತುಂಟತನವಲ್ಲ ಅದು, ಕಲಿಯದೇ ಉಳಿದ ಪಾಠ.

ಈ ಲೇಖನ ಮೊದಲ ಬಾರಿ ತಳಿನಾಯಿಯ ಮರಿ ಕೊಳ್ಳಲು ಹೊರಟವರಿಗೆ. ಲ್ಯಾಬ್ರಡಾರೋ ಜರ್ಮನ್ ಶೆಫರ್ಡೋ ಯಾವುದೇ ಆದರೂ ಇಲ್ಲಿಯ ಹೆಚ್ಚಿನ ಮಾತು ಅನ್ವಯಿಸುತ್ತದೆ. ಆದರೂ ಉದಾಹರಣೆಗೆ ನಾನು ಮುಧೋಳ ನಾಯಿಯನ್ನೇ ಇಟ್ಟುಕೊಳ್ಳುತ್ತೇನೆ. ನಮ್ಮ ನೆಲದ್ದು, ನಮ್ಮ ಬಿಸಿಲಿಗೆ ಒಗ್ಗಿದ್ದು. ಮರಿ ಹುಟ್ಟಿದ ಅಂಗಳಕ್ಕೇ ಹೋಗಿ ನೋಡಿ ಬರುವುದು ಸಾಧ್ಯ.

ಬಾಗಲಕೋಟೆ ಜಿಲ್ಲೆಯ ಮುಧೋಳ ಹಿಂದೆ ಘೋರ್ಪಡೆ ಮನೆತನದ ಸಂಸ್ಥಾನ. ಸುತ್ತಲಿನ ಹಳ್ಳಿಯವರು ಬೇಟೆಗೆ ಬಳಸುತ್ತಿದ್ದ ಈ ನಾಯಿಗಳನ್ನು ಅರಸ ಮಾಲೋಜಿರಾವ್ ಘೋರ್ಪಡೆ ಆಸಕ್ತಿಯಿಂದ ಸಾಕಿ ಬೆಳೆಸಿದರು. ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಉಡುಗೊರೆ ಕೊಟ್ಟರೆಂಬುದು ಊರಿನವರೆಲ್ಲ ಹೇಳುವ ಕಥೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಇದರ ಹೆಸರು ಕ್ಯಾರವಾನ್ ಹೌಂಡ್. ಮಹಾರಾಷ್ಟ್ರದ ಕಡೆ ಕರವಾನಿ ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಕರ್ನಾಲದ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಸಂಸ್ಥೆ ದೇಶಿ ತಳಿಯೆಂದು ನೋಂದಾಯಿಸಿದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೋ ಭಾಷಣದಲ್ಲಿ ದೇಶಿ ನಾಯಿಗಳನ್ನು ಸಾಕಿ ಎನ್ನುತ್ತಾ ಮುಧೋಳದ ಹೆಸರೆತ್ತಿದ ಮೇಲೆ ಕೇಳುವವರು ಹೆಚ್ಚಿದರು. ಕೇಳುವವರು ಹೆಚ್ಚಿದ ಕಡೆ ಮಾರುವವರೂ ಹುಟ್ಟಿಕೊಳ್ಳುತ್ತಾರೆ. ಹಾಗಾಗಿಯೇ ಇಷ್ಟು ಮಾತು.

ಮರಿ ಹುಡುಕುವ ಮೊದಲು ಒಂದು ಪ್ರಶ್ನೆ ನಿಮಗೇ ಕೇಳಿಕೊಳ್ಳಿ: ಈ ನಾಯಿ ನಿಮಗೆ ಆಗಿಬರುತ್ತದೆಯೇ? ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ಗಂಡು ಭುಜದ ಹತ್ತಿರ ಸುಮಾರು 70 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ, ಹೆಣ್ಣು ಸ್ವಲ್ಪ ಕಡಿಮೆ. ದೂರದಲ್ಲಿ ಏನಾದರೂ ಸರ್ರೆಂದು ಓಡಿದರೆ ಇದರ ಕಿವಿಗೆ ನಿಮ್ಮ ಕೂಗು ಬೀಳುವುದಿಲ್ಲ. ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಿದರೆ ಪಕ್ಕದ ಮನೆಯ ಕೋಳಿಯೋ ಬೆಕ್ಕೋ ಹೋಯಿತೆಂದೇ ಲೆಕ್ಕ. ಅಪರಿಚಿತರು ಮೈ ಸವರುವುದು ಇದಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ. ಗಂಟೆಗಟ್ಟಲೆ ಸುಮ್ಮನೆ ಮಲಗುತ್ತದೆ, ನಿಜ. ಆದರೆ ದಿನಕ್ಕೊಮ್ಮೆ ಮನಸಾರೆ ಓಡಬೇಕು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವವರು ಇದನ್ನು ಸಾಕಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಬೇರೆಯವರು ಬೇರೆ ಹೇಳಿಯಾರು.

ಇನ್ನು ಎಲ್ಲಿ ಕೊಳ್ಳುವುದು? ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಈ ತಳಿಯ ಬಗ್ಗೆ ಏನೇ ಸಂದೇಹವಿದ್ದರೂ ಕೇಳಲು ಅದು ಸರಿಯಾದ ಜಾಗ. ಅಲ್ಲಿಂದ ಮರಿ ಬೇಕೆಂದರೆ ಮೊದಲೇ ಹೆಸರು ಕೊಟ್ಟು ಕಾಯುವ ತಾಳ್ಮೆ ಬೇಕಾಗಬಹುದು. ಅದನ್ನು ಬಿಟ್ಟರೆ ಸುತ್ತಲಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ನಾಯಿ ಸಾಕುವ ರೈತರಿದ್ದಾರೆ, ಪಟ್ಟಣಗಳಲ್ಲಿ ಕೆನಲ್ ಇಟ್ಟುಕೊಂಡವರಿದ್ದಾರೆ. ಹೆದ್ದಾರಿ ಬದಿಯಲ್ಲಿ ರಟ್ಟಿನ ಡಬ್ಬದಲ್ಲಿಟ್ಟು ಮಾರುವವರ ಹತ್ತಿರ ನಿಲ್ಲಲೇಬೇಡಿ. ಮೊಬೈಲಿಗೆ ಮುದ್ದಾದ ಫೋಟೋ ಕಳಿಸಿ "ಅರ್ಧ ದುಡ್ಡು ಹಾಕಿ, ಬಸ್ಸಿಗೆ ಹಾಕಿ ಕಳಿಸ್ತೀವಿ" ಎನ್ನುವವರದ್ದಂತೂ ಮರಿಯೇ ಇರುವುದಿಲ್ಲ ಎಷ್ಟೋ ಸಲ. ಇದ್ದರೂ ಬಸ್ಸಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಬಂದ ಮರಿ ಹೇಗಿರುತ್ತದೆಂದು ನೀವೇ ಊಹಿಸಿ. ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕೆಂದು ಅದೇ 2017ರ ನಿಯಮ ಹೇಳುತ್ತದೆ. ಹಳ್ಳಿಯಲ್ಲಿ ಈ ಪ್ರಶ್ನೆ ಕೇಳಿದರೆ ಕೆಲವರು ನಗುತ್ತಾರೆ. ನಗಲಿ, ಕೇಳಿ.

ಹೋದ ಮೇಲೆ ಮಾಡಬೇಕಾದ ಮೊದಲ ಕೆಲಸ, ಮರಿಗಳ ಕಡೆ ನೋಡದಿರುವುದು. ಕಷ್ಟ, ಗೊತ್ತು. ಆರೇಳು ಮರಿ ಕಾಲಿಗೆ ಸುತ್ತಿಕೊಂಡರೆ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ. ಆದ್ದರಿಂದಲೇ ಮೊದಲು ತಾಯಿಯನ್ನು ತೋರಿಸಿ ಎನ್ನಿ. "ತಾಯಿ ಹೊಲದಾಗ ಐತ್ರಿ", "ತಾಯಿ ನಮ್ಮ ಅಣ್ಣನ ಮನ್ಯಾಗ ಐತಿ" ಎಂಬ ಉತ್ತರ ಬಂದರೆ ಅಲ್ಲಿಗೇ ಹೋಗಿ ನೋಡೋಣ ಎನ್ನಿ. ಅದಕ್ಕೂ ನೆಪ ಬಂದರೆ ಆ ಮರಿಗಳು ಎಲ್ಲಿಂದಲೋ ತಂದು ಮಾರುತ್ತಿರುವವು. ಚಹಾ ಕುಡಿದು ಎದ್ದು ಬನ್ನಿ.

ತಾಯಿಯನ್ನು ನೋಡುವುದಕ್ಕೂ ಒಂದು ಕಣ್ಣು ಬೇಕು. ಮುಧೋಳ ನಾಯಿ ಹುಟ್ಟಾ ತೆಳ್ಳಗೆ. ಕೊನೆಯ ಎರಡು ಮೂರು ಪಕ್ಕೆಲುಬು ಎಣಿಸುವಂತೆ ಕಾಣುವುದು ಈ ಜಾತಿಯಲ್ಲಿ ಸಹಜ. ಲ್ಯಾಬ್ರಡಾರ್ ನೋಡಿ ಅಭ್ಯಾಸವಾದವರು "ಅಯ್ಯೋ, ಊಟವಿಲ್ಲ ಪಾಪ" ಎಂದುಬಿಡುತ್ತಾರೆ. ಹಾಲು ಕುಡಿಸುವ ತಾಯಿ ಇನ್ನೂ ಸ್ವಲ್ಪ ಇಳಿದಿರುತ್ತದೆ. ಆದರೆ ಸೊಂಟದ ಎಲುಬು ಮೊನಚಾಗಿ ಎದ್ದಿದ್ದರೆ, ಬೆನ್ನೆಲುಬಿನ ಗಂಟುಗಳು ಒಂದೊಂದಾಗಿ ಕಂಡರೆ, ತೊಡೆಯಲ್ಲಿ ಮಾಂಸವೇ ಇಲ್ಲದಿದ್ದರೆ, ರೋಮ ಹೊಳಪು ಕಳೆದುಕೊಂಡು ನಿಂತಿದ್ದರೆ ಅದು ತಳಿಯ ಗುಣವಲ್ಲ, ಹಸಿವು. ಹಸಿದ ತಾಯಿಯ ಮರಿ ಗರ್ಭದಲ್ಲೇ ಅರ್ಧ ಸೋತಿರುತ್ತದೆ. ತಾಯಿಯ ವಯಸ್ಸು ಕೇಳಿ, ಇದು ಎಷ್ಟನೇ ಸೂಲು ಎಂದು ಕೇಳಿ. ನಿಯಮದ ಪ್ರಕಾರ ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, ಎಂಟು ವರ್ಷ ದಾಟಿದ್ದನ್ನೂ ಇಲ್ಲ. ವರ್ಷಕ್ಕೊಂದೇ ಸೂಲು, ಜೀವಮಾನದಲ್ಲಿ ಐದೇ. ಹೋದ ದೀಪಾವಳಿಗೂ ಮರಿ ಹಾಕಿತ್ತು, ಈ ಯುಗಾದಿಗೂ ಹಾಕಿದೆ ಎಂದು ಮನೆಯವರೇ ಹೆಮ್ಮೆಯಿಂದ ಹೇಳಿದರೆ ನಿಮ್ಮ ಉತ್ತರ ಸಿಕ್ಕಿತು.

ಸ್ವಭಾವವನ್ನೂ ಗಮನಿಸಿ. ಮರಿಗಳಿರುವ ತಾಯಿ ಹೊಸಬರನ್ನು ಕಂಡು ಬೊಗಳುವುದು ಸರಿಯೇ. ಯಜಮಾನ ಬಂದು ನಿಂತು ಮಾತಾಡಿಸಿದ ಮೇಲೂ ಮೂಲೆಗೆ ಮುದುಡಿ ಬಾಲ ಒಳಗೆಳೆದು ನಡುಗುತ್ತಿದ್ದರೆ ಅಥವಾ ಯಜಮಾನನೇ ಹತ್ತಿರ ಹೋಗಲು ಹಿಂಜರಿದರೆ ಯೋಚಿಸಿ. ಮರಿಗಳು ಎಂಟು ವಾರ ಅವಳನ್ನು ನೋಡಿಯೇ ಲೋಕ ಕಲಿತಿರುತ್ತವೆ.

ತಂದೆ ಸಾಮಾನ್ಯವಾಗಿ ಅಲ್ಲಿರುವುದಿಲ್ಲ, ಬೇರೆ ಊರಿನದಾಗಿರುತ್ತದೆ, ಹಾಗಿರುವುದೇ ಒಳ್ಳೆಯದು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಧೋಳದಂಥ ತಳಿಯಲ್ಲಿ ನಾಯಿಗಳ ಸಂಖ್ಯೆಯೇ ಕಡಿಮೆ. ಒಬ್ಬರ ಮನೆಯಲ್ಲಿ ಒಳ್ಳೆಯ ಗಂಡು ಇದ್ದರೆ ಊರ ಹೆಣ್ಣುಗಳೆಲ್ಲ ಅದಕ್ಕೇ. ಮುಂದಿನ ತಲೆಯಲ್ಲಿ ಅಣ್ಣ-ತಂಗಿ, ಅಪ್ಪ-ಮಗಳು ಕೂಡುವುದು ತಪ್ಪುವುದಿಲ್ಲ. "ರಕ್ತ ಶುದ್ಧ ಇರ್ಲಿ ಅಂತ ಮನಿ ನಾಯಿಗೇ ಹಾಕೀವ್ರಿ" ಎಂದು ಅದನ್ನೇ ಗುಣವಾಗಿ ಹೇಳುವವರುಂಟು. ಪ್ರತಿ ಪ್ರಾಣಿಯೂ ಒಂದಷ್ಟು ದೋಷದ ವಂಶವಾಹಿಗಳನ್ನು ಮುಚ್ಚಿಟ್ಟುಕೊಂಡೇ ಹುಟ್ಟುತ್ತದೆ. ತಂದೆ ತಾಯಿ ಇಬ್ಬರಿಂದಲೂ ಅದೇ ದೋಷ ಬಂದರೆ ಮಾತ್ರ ಅದು ಹೊರಗೆ ಕಾಣಿಸಿಕೊಳ್ಳುತ್ತದೆ. ಹತ್ತಿರದ ರಕ್ತ ಕೂಡಿದಷ್ಟೂ ಆ ಸಾಧ್ಯತೆ ಹೆಚ್ಚು. ಸೂಲಿನಲ್ಲಿ ಮರಿಗಳು ಕಡಿಮೆಯಾಗುತ್ತವೆ, ಹುಟ್ಟಿದವು ಬೇಗ ಸಾಯುತ್ತವೆ, ಉಳಿದವಕ್ಕೆ ರೋಗ ತಡೆಯುವ ಶಕ್ತಿ ಕುಂದುತ್ತದೆ. ಆದ್ದರಿಂದ ತಂದೆ ಯಾವುದು, ಯಾವ ಊರು, ತಾಯಿಗೆ ಏನು ಸಂಬಂಧ ಎಂದು ಕೇಳಿ. ಹೆಣ್ಣು ಕೊಡುವ ಮನೆಯಲ್ಲಿ ಗೋತ್ರ, ಬೆಡಗು ಕೇಳುವ ನಾವು ಇಲ್ಲೇಕೆ ಸಂಕೋಚಪಡಬೇಕು?

ಇನ್ನೊಂದು ಕಡೆ, ಓಟದ ಆಸೆಗೆ ಗ್ರೇಹೌಂಡ್ ರಕ್ತ ಬೆರೆಸಿದ ನಾಯಿಗಳೂ ಮುಧೋಳದ ಹೆಸರಲ್ಲಿ ಮಾರಾಟವಾಗುತ್ತವೆ. ಎಂಟು ವಾರದ ಮರಿಯನ್ನು ನೋಡಿ ಇದನ್ನು ಕಂಡುಹಿಡಿಯುವುದು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ತಾಯಿ ತಂದೆಯನ್ನು ನೋಡಿದರೆ ಮಾತ್ರ ಒಂದಿಷ್ಟು ಅಂದಾಜು ಸಿಕ್ಕೀತು. ಮಾರುವವರು ನಾಯಿ ಮೊಲ ಹಿಡಿಯುವ ವಿಡಿಯೋ ತೋರಿಸಿ ಬೆಲೆ ಏರಿಸಿದರೆ ಅಲ್ಲಿಂದ ಹೊರಡಿ. ಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಒಂದು ಕಾನೂನನ್ನು ಹೀಗೆ ರಾಜಾರೋಷವಾಗಿ ಮುರಿಯುವವರು ಮರಿಯ ವಯಸ್ಸಿನ ವಿಷಯದಲ್ಲಿ ಸತ್ಯ ಹೇಳುತ್ತಾರೆಂದು ನಂಬುವುದು ಹೇಗೆ?

ಈಗ ಕಾಗದದ ವಿಷಯ. ನಾಯಿ ಮಾರುವವರ ಬಾಯಲ್ಲಿ "ಪೇಪರ್ ಇರೋ ಮರಿ", "ಪೇಪರ್ ಇಲ್ಲದ ಮರಿ" ಎಂಬ ಎರಡು ಜಾತಿಗಳಿವೆ. ಪೇಪರ್ ಎಂದರೆ ಕೆನಲ್ ಕ್ಲಬ್ಬಿನ ನೋಂದಣಿ ಪತ್ರ. ಅದರಲ್ಲಿ ಮರಿಯ ತಂದೆ ತಾಯಿ, ಅವುಗಳ ಹಿಂದಿನ ತಲೆಗಳ ಹೆಸರು, ಮೈಕ್ರೋಚಿಪ್ ಸಂಖ್ಯೆ ಇರುತ್ತವೆ. ಮೈಕ್ರೋಚಿಪ್ ಎಂದರೆ ಅಕ್ಕಿಕಾಳಿನಷ್ಟು ಗಾತ್ರದ ಒಂದು ಗುರುತು. ಅದನ್ನು ಭುಜಗಳ ನಡುವೆ ಚರ್ಮದಡಿ ಸೂಜಿಯಿಂದ ಇಡುತ್ತಾರೆ, ಅದರಲ್ಲಿ ಹದಿನೈದು ಅಂಕಿಗಳ ಸಂಖ್ಯೆ ಇರುತ್ತದೆ. ಪತ್ರದಲ್ಲಿರುವ ಸಂಖ್ಯೆಯೂ ಓದುವ ಯಂತ್ರ ತೋರಿಸುವ ಸಂಖ್ಯೆಯೂ ಒಂದೇ ಆಗಿರಬೇಕು. ಹೊಸಬರು ತಪ್ಪು ತಿಳಿಯುವುದು ಎಲ್ಲಿ ಎಂದರೆ, ಪೇಪರ್ ಇದ್ದರೆ ಮರಿ ಆರೋಗ್ಯವಾಗಿದೆ ಎಂದುಕೊಳ್ಳುತ್ತಾರೆ. ನೋಂದಣಿ ಪತ್ರ ವಂಶ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಪಾರ್ವೋ ಎಂಬ ವೈರಾಣು ರೋಗ ಬಂದ ಮರಿಗೂ ಪೇಪರ್ ಇರಬಹುದು. ಹಾಗೆಯೇ ಮುಧೋಳದ ಸುತ್ತಮುತ್ತ ಚೆನ್ನಾಗಿ ಸಾಕಿದ, ಅಪ್ಪಟ ನಾಯಿಗಳಿಗೆ ಪೇಪರೇ ಇಲ್ಲದಿರಬಹುದು. ನಾಯಿ ಪ್ರದರ್ಶನಕ್ಕೆ ಹೋಗುವ ಆಸೆ ಇದ್ದರೆ ಪೇಪರ್ ಬೇಕೇ ಬೇಕು. ಒಂದೇ ಸೂಲಿನ ಮರಿಗೆ "ಪೇಪರ್ ಬೇಕಂದ್ರೆ ಇಷ್ಟು, ಬ್ಯಾಡಂದ್ರೆ ಇಷ್ಟು" ಎಂದು ಎರಡು ಬೆಲೆ ಹೇಳಿದರೆ ಮಾತ್ರ ಆ ಪೇಪರ್ ಬೇರೆ ಯಾವುದೋ ಮರಿಯದ್ದಿರಬಹುದು ಎಂದು ಅನುಮಾನಿಸಿ.

ನನ್ನ ಮಟ್ಟಿಗೆ ಪೇಪರಿಗಿಂತ ಹೆಚ್ಚು ಮಾತಾಡುವುದು ಲಸಿಕೆಯ ಕಾರ್ಡು. ಅದನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿ. ಲಸಿಕೆಯ ಶೀಶೆಯ ಮೇಲಿನ ಚೀಟಿಯನ್ನು ಕಿತ್ತು ಕಾರ್ಡಿಗೆ ಅಂಟಿಸಿರಬೇಕು. ಅದರಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುತ್ತವೆ. ಪಕ್ಕದಲ್ಲಿ ಪಶುವೈದ್ಯರ ಸಹಿ, ಮೊಹರು, ದಿನಾಂಕ. ಪೆನ್ನಿನಲ್ಲಿ ಬರೀ "ಲಸಿಕೆ ಹಾಕಿದೆ" ಎಂದು ಗೀಚಿದ್ದರೆ ಅದಕ್ಕೆ ಬೆಲೆಯಿಲ್ಲ. ಈಗ ಲೆಕ್ಕ ಹಾಕಿ. ಡಿಸ್ಟೆಂಪರ್, ಪಾರ್ವೋ ಮುಂತಾದವುಗಳ ವಿರುದ್ಧದ ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ ಬೀಳುತ್ತದೆ. ರೇಬಿಸ್ ಲಸಿಕೆಗೆ ಸಾಮಾನ್ಯವಾಗಿ ಮೂರು ತಿಂಗಳಾಗಬೇಕು. ಎರಡು ತಿಂಗಳ ಮರಿಯ ಕಾರ್ಡಿನಲ್ಲಿ "ಎಲ್ಲಾ ಡೋಸ್ ಮುಗಿದಿದೆ, ರೇಬಿಸ್ ಕೂಡ" ಎಂದಿದ್ದರೆ ಒಂದೋ ವಯಸ್ಸು ಸುಳ್ಳು, ಇಲ್ಲವೋ ಕಾರ್ಡು ಸುಳ್ಳು.

ಲಸಿಕೆ ಒಂದಲ್ಲ, ಮೂರು ನಾಲ್ಕು ಸಲ ಯಾಕೆ ಎಂದು ಕೇಳುವವರಿಗೆ ಒಂದು ವಿವರಣೆ. ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಲ್ಲಿ ತಾಯಿ ತನ್ನ ರೋಗನಿರೋಧಕಗಳನ್ನು ಮರಿಗೆ ದಾಟಿಸುತ್ತಾಳೆ. ಅವು ಮೈಯಲ್ಲಿರುವಷ್ಟು ದಿನ ಮರಿಗೆ ರಕ್ಷಣೆ; ಆದರೆ ಅವೇ ಲಸಿಕೆಯನ್ನೂ ನಿಷ್ಫಲ ಮಾಡುತ್ತವೆ. ಅವು ಯಾವಾಗ ಮುಗಿಯುತ್ತವೆ ಎಂಬುದು ಒಂದೊಂದು ಮರಿಗೆ ಒಂದೊಂದು ಥರ. ಹಾಗಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಲಸಿಕೆ ಮರುಕಳಿಸುತ್ತಾರೆ. ಒಂದಲ್ಲ ಒಂದು ಹಿಡಿಯಲಿ ಎಂದು. ತಾಯಿಯ ರಕ್ಷಣೆ ಮುಗಿದು ಲಸಿಕೆ ಇನ್ನೂ ಹಿಡಿಯದ ನಡುವಿನ ಆ ಕೆಲ ದಿನಗಳೇ ಅಪಾಯದ ಕಾಲ. ಮರಿ ಮನೆ ಬದಲಿಸುವುದೂ ಆಗಲೇ. ತಾಯಿಗೂ ಲಸಿಕೆ ಹಾಕಿಸಿದ್ದೀರಾ ಎಂದು ಕೇಳುವುದು ಇದಕ್ಕಾಗಿ: ತಾಯಿಯಲ್ಲೇ ಇಲ್ಲದ್ದು ಮರಿಗೆಲ್ಲಿಂದ ಬರಬೇಕು? ಆ ಅಂಗಳದಲ್ಲಿ ಹಿಂದಿನ ವರ್ಷ ಮರಿಗಳು ರಕ್ತಭೇದಿಯಾಗಿ ಸತ್ತಿದ್ದವೇ ಎಂದೂ ವಿಚಾರಿಸಿ. ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಮನೆಯವರು ಹೇಳದಿದ್ದರೂ ಪಕ್ಕದ ಮನೆಯ ಹುಡುಗರು ಹೇಳುತ್ತಾರೆ.

ಇಷ್ಟಾದ ಮೇಲೆ ಮರಿಯನ್ನು ಎತ್ತಿಕೊಳ್ಳಿ. ತುಟಿ ಸರಿಸಿ ವಸಡು ನೋಡಿ: ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಸುಣ್ಣದಂತೆ ಬಿಳುಚಿಕೊಂಡಿದ್ದರೆ ಕೊಕ್ಕೆಹುಳುವೋ ಉಣ್ಣೆಯೋ ರಕ್ತ ಹೀರುತ್ತಿರಬಹುದು. ಮೈ ಸೊರಗಿ ಹೊಟ್ಟೆ ಮಾತ್ರ ಬಿಗಿದು ಉಬ್ಬಿದ್ದರೆ ಜಂತುಹುಳು. "ಈಗಷ್ಟೇ ಹಾಲು ಕುಡ್ದದ್ರಿ" ಎಂಬ ಮಾತಿಗೆ ಮರುಳಾಗಬೇಡಿ, ಎರಡು ತಾಸು ಬಿಟ್ಟು ಮತ್ತೆ ನೋಡಿ. ಕಿವಿಯನ್ನು ಮೂಸಿ, ಕೆಟ್ಟ ವಾಸನೆ ಇರಬಾರದು. ಹೊಕ್ಕುಳ ಹತ್ತಿರ ಮೆತ್ತನೆಯ ಗಂಟು ಸಿಕ್ಕರೆ ಅದು ಹರ್ನಿಯಾ. ಸಣ್ಣದಾದರೆ ಹೆದರಬೇಕಿಲ್ಲ, ವೈದ್ಯರಿಗೆ ತೋರಿಸಿದರೆ ಸಾಕು. ಮೇಲಿನ ಮುಂಹಲ್ಲು ಕೆಳಗಿನವನ್ನು ಕೊಂಚ ಮುಚ್ಚಿ ಕೂರಬೇಕು. ಗಂಡುಮರಿಯಾದರೆ ಎರಡೂ ಬೀಜ ಇಳಿದಿವೆಯೇ ಎಂದು ಮುಟ್ಟಿ ನೋಡಿ. ಬಾಲದ ಕೆಳಗೆ ಒಣಗಿದ ಭೇದಿಯ ಗುರುತು ಇರಬಾರದು. ಆಮೇಲೆ ಕೆಳಗಿಟ್ಟು ಓಡಲು ಬಿಡಿ. ಕೀಲಿಗೊಂಚಲನ್ನು ತುಸು ದೂರ ಎಸೆಯಿರಿ: ಬೆಚ್ಚಿ, ಕ್ಷಣ ನಿಂತು, ಆಮೇಲೆ ಏನದು ಎಂದು ನೋಡಲು ಬರುವ ಮರಿ ನನಗಿಷ್ಟ. ಮೊದಲು ಓಡಿಬಂದು ಕಾಲು ಕಚ್ಚುವ ಧೀರನನ್ನೇ ಎಲ್ಲರೂ ಆರಿಸುತ್ತಾರೆ, ಮಕ್ಕಳಿರುವ ಮನೆಗೆ ನಡುವಿನದ್ದು ಒಳ್ಳೆಯದು. ಮೂಲೆಯಲ್ಲಿ ಒಂಟಿಯಾಗಿ ಮಲಗಿದ ಮರಿಯ ಮೇಲೆ ಕರುಣೆ ಹುಟ್ಟುವುದು ಸಹಜ. ಅದು ಸ್ವಭಾವವಲ್ಲ, ಜ್ವರವಿದ್ದೀತು.

ನಾವು ಪರೀಕ್ಷಿಸುತ್ತಿರುವಾಗ ಒಳ್ಳೆಯ ಸಾಕಣೆದಾರನೂ ನಮ್ಮನ್ನು ಪರೀಕ್ಷಿಸುತ್ತಿರುತ್ತಾನೆ. "ಮನಿಗೆ ಕಂಪೌಂಡ್ ಐತೇನ್ರಿ? ಕೋಳಿ-ಗೀಳಿ ಸಾಕೀರೇನು? ಸರಪಳಿ ಹಾಕಿ ಹಗಲೆಲ್ಲ ಕಟ್ಟಿ ಹಾಕಾವ್ರಾದ್ರ ಮೊದ್ಲ ಹೇಳ್ರಿ, ನಾ ಕೊಡೂದಿಲ್ಲ" ಎಂದು ಒಬ್ಬ ಹಿರಿಯರು ಕೊಳ್ಳಲು ಬಂದವರಿಗೆ ಮುಖಕ್ಕೆ ಹೊಡೆದಂತೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಬಂದವರಿಗೆ ಸಿಟ್ಟು ಬಂತು. ನನಗಾದರೆ ಅಂಥವರ ಹತ್ತಿರವೇ ಮರಿ ಕೊಳ್ಳಬೇಕೆನಿಸುತ್ತದೆ. ಏನನ್ನೂ ಕೇಳದೆ ದುಡ್ಡು ಎಣಿಸುವವರಿಗೆ ಮರಿ ಎಲ್ಲಿಗೆ ಹೋದರೇನು.

ಬೆಲೆ ಕುದುರಿದ ಮೇಲೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಹುಟ್ಟಿದ ದಿನ, ಗಂಡೋ ಹೆಣ್ಣೋ, ಬಣ್ಣ, ಚಿಪ್ ಸಂಖ್ಯೆ, ಕೊಟ್ಟ ಹಣ, ಜಂತಿನ ಔಷಧ ಕೊಟ್ಟ ದಿನಾಂಕಗಳು. ಮೊದಲ ವಾರದಲ್ಲಿ ವೈದ್ಯರು ಹುಟ್ಟುದೋಷವೋ ಸೋಂಕೋ ಇದೆಯೆಂದು ಹೇಳಿದರೆ ಏನು ಮಾಡುವುದೆಂಬುದನ್ನೂ ಅಲ್ಲೇ ಬರೆಯಿರಿ. ಇಬ್ಬರ ಸಹಿ ಇರಲಿ. ಹಳ್ಳಿಯಲ್ಲಿ ಇದು ಅತಿಯಾಯಿತೆನಿಸಬಹುದು, ಆದರೆ ಬರೆದಿಟ್ಟ ವ್ಯವಹಾರದಲ್ಲಿ ಸ್ನೇಹ ಕೆಡುವುದು ಕಡಿಮೆ.

ಮುಧೋಳದಿಂದ ಬೆಂಗಳೂರು ಐನೂರು ಕಿಲೋಮೀಟರ್‌ಗೂ ಮೇಲೆ. ಹೊರಡುವ ಎರಡು ಮೂರು ತಾಸು ಮೊದಲು ಊಟ ಕೊಡಬೇಡಿ ಎಂದು ಹೇಳಿರಿ, ಇಲ್ಲದಿದ್ದರೆ ಕಾರಿನಲ್ಲಿ ವಾಂತಿ ಖಾತ್ರಿ. ತಾಯಿ ಮಲಗಿದ್ದ ಗೋಣಿಚೀಲದ ತುಂಡೊಂದನ್ನು ಕೇಳಿ ತನ್ನಿ; ಆ ವಾಸನೆಗೆ ಮರಿ ರಾತ್ರಿ ಅಳುವುದು ಕಡಿಮೆಯಾಗುತ್ತದೆ. ದಾರಿಯಲ್ಲಿ ಢಾಬಾದ ಮುಂದೆ ನಿಲ್ಲಿಸಿದಾಗ ಮಾತ್ರ ಮರಿಯನ್ನು ನೆಲಕ್ಕೆ ಬಿಡಬೇಡಿ. ನೂರಾರು ನಾಯಿ ಓಡಾಡಿದ ಮಣ್ಣು ಅದು. ಉಚ್ಚೆ ಮಾಡಿಸಬೇಕಾದರೆ ಒಯ್ದ ಹಳೇ ಪತ್ರಿಕೆಯ ಮೇಲೆ, ಕಾರಿನೊಳಗೇ.

ಮನೆಗೆ ಬಂದ ಎರಡು ದಿನದೊಳಗೆ ನಿಮ್ಮದೇ ಪಶುವೈದ್ಯರಿಗೆ ತೋರಿಸಿ. ಮುಧೋಳದಂಥ ತೆಳುಮೈಯ ನಾಯಿಗಳಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಕೆಲವು ಅರಿವಳಿಕೆ ಮದ್ದು ಬೇಗ ಇಳಿಯುವುದಿಲ್ಲ. ಮುಂದೆ ಶಸ್ತ್ರಚಿಕಿತ್ಸೆ ಏನಾದರೂ ಬಂದರೆ ಇದು ಯಾವ ತಳಿ ಎಂಬುದನ್ನು ವೈದ್ಯರಿಗೆ ನೆನಪಿಸಬೇಕು. ಮೊದಲ ವಾರ ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ, ಜೋಳದ ಅಂಬಲಿಯಾದರೆ ಜೋಳದ ಅಂಬಲಿಯೇ. ಚೀಲದ ಆಹಾರಕ್ಕೆ ಬದಲಿಸುವುದಾದರೆ ದಿನಕ್ಕಿಷ್ಟಿಷ್ಟು ಬೆರೆಸುತ್ತಾ ಹೋಗಿ. ಒಂದು ಹೊತ್ತು ಊಟ ಬಿಟ್ಟರೆ ಹೊಸ ಜಾಗದ ಬೇಸರ ಎಂದುಕೊಳ್ಳಬಹುದು. ಊಟ ಬಿಟ್ಟು, ವಾಂತಿಯಾಗಿ, ಮರಿ ಮಂಕಾಗಿ ಮಲಗಿದರೆ "ನಾಳೆ ನೋಡೋಣ" ಎನ್ನಬೇಡಿ. ಪಾರ್ವೋ ಆಗಿದ್ದರೆ ರಕ್ತಭೇದಿ ಕಾಣುವ ಹೊತ್ತಿಗೆ ಅರ್ಧ ಸಮಯ ಕಳೆದಿರುತ್ತದೆ, ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಿರಿ. ಎರಡನೇ ಲಸಿಕೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ, ಆಮೇಲೆ ನಿಮ್ಮ ಊರಿನ ಪಾಲಿಕೆ ಕೇಳಿದರೆ ಪರವಾನಗಿ. ಹದಿನಾರು ವಾರದ ಲಸಿಕೆ ಮುಗಿಯುವ ತನಕ ಬೀದಿಯಲ್ಲಿ ನಡೆಸಬೇಡಿ. ಆದರೆ ಎತ್ತಿಕೊಂಡು ಗೇಟಿನ ಹತ್ತಿರ ನಿಂತು ಆಟೋ, ಹಾಲಿನವನು, ಶಾಲೆಯ ಮಕ್ಕಳನ್ನು ದಿನಾ ತೋರಿಸಿ. ಹೊಸತನ್ನು ಹೆದರದೆ ಒಪ್ಪಿಕೊಳ್ಳುವ ವಯಸ್ಸು ಮೂರೂವರೆ ತಿಂಗಳ ಆಚೆಗೆ ಹೆಚ್ಚು ದಿನ ಉಳಿಯುವುದಿಲ್ಲ.